ಪ್ರವಾಸದ ವೇಗವನ್ನು ಮನೆಯ ದುರ್ಬಲರು ನಿರ್ಧರಿಸಲಿ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಈ ವರ್ಷ ಎಲ್ಲಿಗೆ? ಒಂದು ತಲೆಮಾರಿನ ಹಿಂದೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮಕ್ಕಳಿಗೆ ಈ ಪ್ರಶ್ನೆಯೇ ಇರಲಿಲ್ಲ. ರಜೆ ಎಂದರೆ ನಾನಿಯ ಮನೆ, ಮಾಮುವಿನ ಹೊಲ, ಹೆಚ್ಚೆಂದರೆ ವಿಜಯಪುರದ ಗೋಲ್ ಗುಂಬಜ್. ಇಂದು ದೇವರ ಹಿಪ್ಪರಗಿಯಂತಹ ಊರಿನ ಮಕ್ಕಳ ಬಾಯಲ್ಲೂ ವಂಡರ್‌ಲಾ, ರಾಮೋಜಿ ಫಿಲ್ಮ್ ಸಿಟಿ, ಇಮ್ಯಾಜಿಕಾ ಎಂಬ ಹೆಸರುಗಳು ಕೇಳಿಬರುತ್ತವೆ. ಒಂದು ದಿನ ಹೋಗಿ ಬರುವುದಲ್ಲ, ಅಲ್ಲಿಯೇ ಎರಡು ಮೂರು ದಿನ ತಂಗಿ ಆಡಿ ಬರಬೇಕೆಂಬ ಆಸೆ ಅವರದು. ಆ ಆಸೆಯನ್ನು ಪೂರೈಸಬೇಕೆಂಬ ತವಕ ಹೆತ್ತವರದು.

ಈ ವಿಷಯದಲ್ಲಿ ಸಮುದಾಯದೊಳಗೆ ಎರಡು ಅಭಿಪ್ರಾಯಗಳಿವೆ. ಇಂತಹ ಪ್ರವಾಸಗಳು ಶುದ್ಧ ದುಂದುವೆಚ್ಚ, ಧರ್ಮನಿಷ್ಠ ಕುಟುಂಬಕ್ಕೆ ಇದು ಸಲ್ಲದು ಎಂದು ಕೆಲವು ಹಿರಿಯರು ಹೇಳುತ್ತಾರೆ. ಬದುಕಿನಲ್ಲಿ ಒಮ್ಮೆ ತಾನೇ, ಸಾಲವಾದರೂ ಸರಿ, ಮಕ್ಕಳ ಆಸೆ ತೀರಲಿ ಎಂದು ಕೆಲವು ಯುವ ದಂಪತಿಗಳು ವಾದಿಸುತ್ತಾರೆ. ಇವೆರಡೂ ಅತಿರೇಕಗಳು. ಪ್ರವಾಸ ಹೋಗಬೇಕೇ ಬೇಡವೇ ಎಂಬುದಕ್ಕಿಂತ ಅದನ್ನು ಯಾರನ್ನು ಮುಂದಿಟ್ಟುಕೊಂಡು ಯೋಜಿಸುತ್ತೇವೆ ಎಂಬುದೇ ಮುಖ್ಯ. ಮನೆಯ ಅತ್ಯಂತ ದುರ್ಬಲ ಸದಸ್ಯರನ್ನು ಮೊದಲು ನೆನೆದು ರೂಪಿಸಿದ ಪ್ರವಾಸವು ಎಲ್ಲರಿಗೂ ಹಿತವಾಗುತ್ತದೆ. ಅತ್ಯಂತ ಬಲಿಷ್ಠರ ಉತ್ಸಾಹಕ್ಕೆ ತಕ್ಕಂತೆ ರೂಪಿಸಿದ್ದು ಉಳಿದವರಿಗೆಲ್ಲ ಶಿಕ್ಷೆಯಾಗುತ್ತದೆ.

ವಿನೋದ ಧರ್ಮದ ಹೊರಗಿನದಲ್ಲ

ಇಸ್ಲಾಮ್ ಮುಖ ಗಂಟಿಕ್ಕಿಕೊಂಡು ಬದುಕುವುದನ್ನು ಕಲಿಸಿಲ್ಲ. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಆರಾಧನೆಯಲ್ಲಿ ಮುಳುಗಿ ಸ್ವಂತ ಶರೀರವನ್ನೂ ಪತ್ನಿಯನ್ನೂ ಮರೆತಿದ್ದ ಅಬುದ್ದರ್ದಾ(ರ)ರಿಗೆ ಸಲ್ಮಾನ್(ರ) ನೀಡಿದ ಬುದ್ಧಿವಾದ ಬುಖಾರಿಯಲ್ಲಿದೆ: ಪ್ರಭುವಿಗೂ ಹಕ್ಕಿದೆ, ಶರೀರಕ್ಕೂ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸಬೇಕೆಂಬುದು ಅದರ ಸಾರ. ಪ್ರವಾದಿವರ್ಯರು(ಸ) ಆ ಮಾತನ್ನು ಸರಿಯೆಂದು ದೃಢಪಡಿಸಿದರು.

ಇನ್ನೊಂದು ಪ್ರಸಿದ್ಧ ಘಟನೆಯನ್ನು ಗಮನಿಸಿರಿ. ಹಬ್ಬದ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಟ ಪ್ರದರ್ಶಿಸುತ್ತಿದ್ದರು. ಆಯಿಶಾ(ರ) ಅದನ್ನು ನೋಡಬಯಸಿದರು. ಪ್ರವಾದಿವರ್ಯರು(ಸ) ಅವರಿಗೆ ಮರೆಯಾಗಿ ನಿಂತರು. ಎಷ್ಟು ಹೊತ್ತು? ಆಯಿಶಾ(ರ)ರಿಗೆ ತಾವಾಗಿಯೇ ಸಾಕೆನಿಸುವವರೆಗೆ. ಈ ಘಟನೆಯನ್ನು ವಿನೋದಕ್ಕೆ ಅನುಮತಿಯಿದೆ ಎನ್ನುವುದಕ್ಕೆ ನಾವು ಆಗಾಗ ಉಲ್ಲೇಖಿಸುತ್ತೇವೆ. ಆದರೆ ಅದರೊಳಗಿನ ಇನ್ನೊಂದು ಪಾಠವನ್ನು ಮರೆಯುತ್ತೇವೆ. ಆಟ ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸಿದ್ದು ಮನೆಯ ಯಜಮಾನರಲ್ಲ, ನೋಡಲು ಬಯಸಿದ ಆ ಕಿರಿಯ ಪತ್ನಿ. ಯಜಮಾನರು ನಿಂತದ್ದು ಆಸರೆಯಾಗಿ.

ಹಾಗಾದರೆ ನಮ್ಮ ಪ್ರವಾಸಗಳಲ್ಲಿ ಈ ಮಾದರಿ ಎಲ್ಲಿದೆ?

ದಾರಿ ಮತ್ತು ದೂರ

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಅಮೆರಿಕದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಆರಂಭವಾಯಿತು. 1971ರಲ್ಲಿ ಅದೇ ಸಂಸ್ಥೆ ಫ್ಲೋರಿಡಾದಲ್ಲಿ ಉದ್ಯಾನದ ಜೊತೆಗೇ ವಸತಿಗೃಹಗಳನ್ನೂ ತೆರೆಯಿತು. ಕುಟುಂಬವು ಹಲವು ದಿನ ಅಲ್ಲಿಯೇ ತಂಗಿದರೆ ಊಟ, ನಿದ್ದೆ, ಆಟ, ಖರೀದಿ ಎಲ್ಲವೂ ಒಂದೇ ಆವರಣದೊಳಗೆ ನಡೆಯುತ್ತದೆ. ಮೋಜಿನ ಪಾರ್ಕ್ ರೆಸಾರ್ಟುಗಳ ವ್ಯಾಪಾರದ ತಿರುಳೇ ಇದು.

ನಮ್ಮಲ್ಲಿಯೂ ಆ ಮಾದರಿ ಬಂದಿದೆ. ಹೈದರಾಬಾದಿನ ಹೊರವಲಯದಲ್ಲಿ 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿಯ ಆವರಣದೊಳಗೇ ಹೋಟೆಲುಗಳಿವೆ. ಬಿಡದಿ ಬಳಿ ವಂಡರ್‌ಲಾ 2005ರಲ್ಲಿ ತೆರೆಯಿತು, 2012ರಲ್ಲಿ ಅದರ ಪಕ್ಕದಲ್ಲೇ ರೆಸಾರ್ಟ್ ಬಂತು. ಹೈದರಾಬಾದಿನಲ್ಲಿ ಅದೇ ಸಂಸ್ಥೆಯ ಪಾರ್ಕ್ 2016ರಲ್ಲಿ ಆರಂಭವಾಯಿತು. ಮಹಾರಾಷ್ಟ್ರದ ಖೋಪೋಲಿ ಬಳಿಯ ಇಮ್ಯಾಜಿಕಾ 2013ರದು, ಅದಕ್ಕೂ ಹೋಟೆಲಿನ ಜೋಡಣೆಯಿದೆ.

ದೇವರ ಹಿಪ್ಪರಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಒಂದು ಕಡೆ ಸಿಂದಗಿ, ಜೇವರ್ಗಿ, ಕಲಬುರಗಿ ದಾಟಿ ಹುಮನಾಬಾದಿನತ್ತ ಸಾಗುತ್ತದೆ. ಅಲ್ಲಿಂದ ಹೈದರಾಬಾದಿನ ದಾರಿ ಹಿಡಿಯಬಹುದು. ಇನ್ನೊಂದು ಕಡೆ ವಿಜಯಪುರ, ಹೊಸಪೇಟೆ ಮೂಲಕ ಚಿತ್ರದುರ್ಗಕ್ಕೆ ಹೋಗುತ್ತದೆ. ಅದು ಬೆಂಗಳೂರಿನ ದಾರಿ. ರಾಜಧಾನಿ ನಮ್ಮದೆಂಬ ಅಭಿಮಾನದಿಂದ ಅನೇಕರು ಮೊದಲು ಬೆಂಗಳೂರನ್ನೇ ಯೋಚಿಸುತ್ತಾರೆ. ಆದರೆ ನಮ್ಮ ಸೀಮೆಯಿಂದ ಅದು 500 ಕಿ.ಮೀ.ಗೂ ಹೆಚ್ಚು ದೂರ. ಹೈದರಾಬಾದ್ ಅದಕ್ಕಿಂತ ಎಷ್ಟೋ ಹತ್ತಿರ. ಮೊಣಕಾಲು ನೋವಿನ ದಾದಿಯೂ ಮಡಿಲ ಕೂಸೂ ಇರುವ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಬೆಂಗಳೂರಿಗೇ ಹೋಗುವುದಾದರೆ ವಿಜಯಪುರದಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರೈಲಿದೆ. 2024ರ ನವೆಂಬರಿನಿಂದ ರೈಲು ಟಿಕೆಟನ್ನು 60 ದಿನ ಮೊದಲು ಮಾತ್ರ ಕಾಯ್ದಿರಿಸಲು ಸಾಧ್ಯ. ಆ ದಿನವನ್ನು ಗುರುತಿಟ್ಟುಕೊಂಡು ಹಿರಿಯರಿಗೆ ಕೆಳಗಿನ ಬರ್ತ್ ಕೇಳಿ ಪಡೆಯುವುದು ಕ್ರೂಸರಿನಲ್ಲಿ ಹನ್ನೊಂದು ಜನ ಒತ್ತರಿಸಿ ಕೂರುವುದಕ್ಕಿಂತ ಎಷ್ಟೋ ಮೇಲು.

ಕಾಲದ ಆಯ್ಕೆಯೂ ವಿಚಾರಯೋಗ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಹೈದರಾಬಾದಿನ ಬಿಸಿಲೂ ಅದಕ್ಕೆ ಕಡಿಮೆಯಿಲ್ಲ. ಪಾರ್ಕಿನಲ್ಲಿ ಮಧ್ಯಾಹ್ನ ಕಾದ ನೆಲದ ಮೇಲೆ ಬರಿಗಾಲಲ್ಲಿ ಸಾಲು ನಿಲ್ಲುವುದು ಮಕ್ಕಳಿಗೂ ಕಷ್ಟ. ದಸರಾ ರಜೆಯಲ್ಲಿ ಹವೆ ಹಿತಕರ, ಆದರೆ ಬೇಸಾಯದ ಮನೆಗಳಿಗೆ ಅದು ಹಿಂಗಾರಿ ಜೋಳದ ಬಿತ್ತನೆಯ ಹೊತ್ತು. ಜೋಳದ ರಾಶಿ ಮುಗಿದ ಮೇಲೆ ಕೈಯಲ್ಲಿ ಹಣವೂ ಇರುತ್ತದೆ, ಬಿಡುವೂ ಇರುತ್ತದೆ, ಆದರೆ ಮಕ್ಕಳಿಗೆ ಪರೀಕ್ಷೆ. ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದುದರಿಂದಲೇ ಇದು ಮನೆಯವರೆಲ್ಲ ಕುಳಿತು ಸಮಾಲೋಚಿಸಬೇಕಾದ ವಿಷಯ. ಪರಸ್ಪರ ಸಮಾಲೋಚಿಸಿ ಕಾರ್ಯ ನಡೆಸುವವರನ್ನು ಕುರ್‌ಆನ್ ಪ್ರಶಂಸಿಸಿದೆ (42:38). ಆ ಶೂರಾ ಮಸೀದಿ ಕಮಿಟಿಗಷ್ಟೇ ಸೀಮಿತವಲ್ಲ.

ಹಣದ ಲೆಕ್ಕ, ಮನಸ್ಸಿನ ಲೆಕ್ಕ

ಪಾರ್ಕಿನ ಟಿಕೆಟ್ ದರವನ್ನು ನೋಡಿ ಪ್ರವಾಸದ ಖರ್ಚನ್ನು ಅಂದಾಜು ಮಾಡುವುದು ಸಾಮಾನ್ಯ ತಪ್ಪು. ಟಿಕೆಟ್ ಒಂದು ಭಾಗ ಮಾತ್ರ. ವಾಹನ, ಡೀಸೆಲ್, ಟೋಲ್, ಚಾಲಕನ ಭತ್ಯೆ, ಕೋಣೆಯ ಬಾಡಿಗೆ, ಮೂರು ಹೊತ್ತಿನ ಊಟ, ಲಾಕರ್, ನೀರಾಟದ ಉಡುಪು, ಫೋಟೋ, ಗೇಟಿನ ಬಳಿ ಮಕ್ಕಳು ಹಟ ಹಿಡಿಯುವ ಆಟಿಕೆ, ಇವೆಲ್ಲವನ್ನೂ ಕಾಗದದ ಮೇಲೆ ಬರೆದು ಕೂಡಿಸಬೇಕು. ಕೂಡಿಸಿದ ಮೇಲೆ ಅನಿರೀಕ್ಷಿತಕ್ಕೆಂದು ಹತ್ತನೆಯ ಒಂದು ಭಾಗ ಸೇರಿಸಬೇಕು. ಪಾರ್ಕಿನೊಳಗೆ ಹೊರಗಿನ ಆಹಾರವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ದಾರಿಯ ಊಟಕ್ಕೂ ಕೋಣೆಯ ಊಟಕ್ಕೂ ಆದೀತು, ಗೇಟಿನೊಳಗಿನ ಊಟಕ್ಕೆ ಹಣವನ್ನೇ ಎತ್ತಿಡಬೇಕು.

ಖರ್ಚು ತಗ್ಗಿಸುವ ದಾರಿಗಳೂ ಇವೆ. ಶನಿವಾರ, ಭಾನುವಾರಕ್ಕಿಂತ ವಾರದ ನಡುವಿನ ದಿನಗಳಲ್ಲಿ ದರ ಕಡಿಮೆ, ಜನಸಂದಣಿಯೂ ಕಡಿಮೆ. ಮುಂಗಡವಾಗಿ ಆನ್‌ಲೈನಿನಲ್ಲಿ ಕೊಂಡರೆ ರಿಯಾಯಿತಿ ಸಿಗುವುದುಂಟು. ಮಕ್ಕಳ ಟಿಕೆಟ್ಟನ್ನು ವಯಸ್ಸಿನ ಬದಲು ಎತ್ತರ ನೋಡಿ ನಿರ್ಧರಿಸುವ ಪಾರ್ಕುಗಳಿವೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ಹೋದರೆ ಲೆಕ್ಕವೂ ತಪ್ಪದು, ತಾನು ಯಾವ ಆಟಕ್ಕೆ ಕೂರಬಹುದು ಯಾವುದಕ್ಕೆ ಇಲ್ಲ ಎಂಬುದೂ ಮಗುವಿಗೆ ಮೊದಲೇ ತಿಳಿದಿರುತ್ತದೆ. ಆದರೆ ಟಿಕೆಟ್ ಉಳಿಸಲು ಮಗುವಿನ ವಯಸ್ಸನ್ನು ಸುಳ್ಳು ಹೇಳಿದರೆ ಆ ಮಗು ಪ್ರವಾಸದಲ್ಲಿ ಕಲಿತ ಮೊದಲ ಪಾಠ ಅದೇ ಆಗುತ್ತದೆ.

ಇಲ್ಲಿ ಒಂದು ಹೋಲಿಕೆ ಅಗತ್ಯ. ಉದ್ಯೋಗ ಖಾತರಿ ಯೋಜನೆಯಡಿ 2025-26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ದೊಡ್ಡ ಪಾರ್ಕುಗಳಲ್ಲಿ ವಯಸ್ಕರ ಒಂದು ದಿನದ ಟಿಕೆಟ್ ಸಾವಿರ ರೂಪಾಯಿಯನ್ನು ದಾಟಿದೆ. ಅಂದರೆ ನಮ್ಮ ಓಣಿಯ ಕೂಲಿಕಾರನೊಬ್ಬನ ಸುಮಾರು ಮೂರು ದಿನದ ದುಡಿಮೆ ಒಬ್ಬರ ಒಂದು ದಿನದ ಆಟಕ್ಕೆ ಸಮ. ಉಳ್ಳವರು ಖರ್ಚು ಮಾಡಲೇಬಾರದು ಎಂದು ಇದರ ಅರ್ಥವಲ್ಲ. ಮಾಡುವ ಖರ್ಚಿನ ತೂಕ ಎಷ್ಟೆಂಬ ಅರಿವು ಕೈಯಲ್ಲಿರಬೇಕು, ಅಷ್ಟೆ. ದುಂದುಗಾರರನ್ನು ಶೈತಾನನ ಸಹೋದರರೆಂದು ಎಚ್ಚರಿಸಿದ ಕುರ್‌ಆನ್ (17:26-27), ದುಂದುವೆಚ್ಚವನ್ನೂ ಮಾಡದೆ ಜಿಪುಣತನವನ್ನೂ ತೋರದೆ ನಡುದಾರಿಯಲ್ಲಿ ನಡೆಯುವವರನ್ನು ಕರುಣಾಮಯನ ದಾಸರ ಸಾಲಿನಲ್ಲಿ ಸೇರಿಸಿದೆ (25:63-67).

ಸಾಲದ ವಿಷಯದಲ್ಲಂತೂ ಈ ಲೇಖನದ ನಿಲುವು ಸ್ಪಷ್ಟ: ಬಡ್ಡಿಯ ಹಣದಲ್ಲಿ ಮೋಜಿನ ಪ್ರವಾಸ ಬೇಡವೇ ಬೇಡ. ಈಗ ಪ್ರವಾಸ ಮಾಡಿ, ಆಮೇಲೆ ಕಂತು ಕಟ್ಟಿ ಎಂಬ ಆಹ್ವಾನ ಮೊಬೈಲಿನಲ್ಲಿ ದಿನವೂ ಬರುತ್ತದೆ. ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು, ಅಂದರೆ ವರ್ಷಕ್ಕೆ ಶೇ. 36ಕ್ಕಿಂತ ಹೆಚ್ಚು. ಕೆಲವೆಡೆ ಪತ್ನಿಯ ಒಡವೆ ಅಡವಿಡುವುದೂ ಉಂಟು. ಮದುವೆ, ಆಸ್ಪತ್ರೆ, ಬೆಳೆ ನಷ್ಟದ ಸಾಲಗಳಿಗೆ ಅನಿವಾರ್ಯತೆಯ ನೆಪವಾದರೂ ಇದೆ. ನೀರಿನ ಜಾರುಬಂಡೆಗೆ ಅಂತಹ ನೆಪವೂ ಇಲ್ಲ. ಕಂತು ಕಟ್ಟಲಾಗದೆ ತಂದೆ ಮನೆಯಲ್ಲಿ ಸಿಡುಕುವಾಗ ಆ ಮೂರು ದಿನಗಳ ನಗುವಿನ ನೆನಪು ಮಕ್ಕಳಿಗೂ ಕಹಿಯಾಗುತ್ತದೆ.

ಪರ್ಯಾಯ ಕಷ್ಟವೇನಲ್ಲ. ಒಂದು ವರ್ಷ ಮೊದಲೇ ನಿರ್ಧರಿಸಿ ತಿಂಗಳಿಗಿಷ್ಟು ಎಂದು ಎತ್ತಿಡಬಹುದು. ಮಕ್ಕಳ ಈದಿ ಹಣವನ್ನೂ ಅವರ ಒಪ್ಪಿಗೆಯಿಂದ ಅದೇ ಡಬ್ಬಿಗೆ ಹಾಕಿಸಬಹುದು. ನಾಲ್ಕು ಮನೆಯವರು ಸೇರಿ ಹರಾಜು ಕೂಗದೆ ಸರದಿಯಂತೆ ಹಣ ಪಡೆಯುವ ಚೀಟಿ ನಡೆಸಬಹುದು. ಕಾಯುವ ಒಂದು ವರ್ಷವು ಮಗುವಿಗೆ ಸಹನೆಯ ಶಿಕ್ಷಣವೂ ಆಗುತ್ತದೆ. ಸಾಲು ತಪ್ಪಿಸಿ ಮುಂದೆ ಹೋಗಲು ಪಾರ್ಕುಗಳು ಹೆಚ್ಚಿನ ಬೆಲೆಯ ಟಿಕೆಟ್ ಮಾರುತ್ತವೆ. ಅದನ್ನು ಕೊಳ್ಳುವುದು ನಿಷಿದ್ಧವೆಂದು ನಾವು ಹೇಳುತ್ತಿಲ್ಲ. ಆದರೆ ಹಣವಿದ್ದರೆ ಕಾಯಬೇಕಿಲ್ಲ ಎಂಬ ಪಾಠವನ್ನು ಎಂಟು ವರ್ಷದ ಮಗುವಿಗೆ ಹೇಳಿಕೊಡಬೇಕೇ ಎಂಬುದನ್ನು ಹೆತ್ತವರು ಯೋಚಿಸಲಿ.

ಇನ್ನೊಂದು ಮಾತು. ಈ ವರ್ಷಗಳಲ್ಲಿ ಬಕ್ರೀದ್ ಬೇಸಿಗೆ ರಜೆಯ ಆಸುಪಾಸಿನಲ್ಲೇ ಬರುತ್ತಿದೆ. ರೆಸಾರ್ಟಿಗೆ ಹಣವಿದೆ, ಕುರ್ಬಾನಿಗೆ ಈ ಸಲ ಕಷ್ಟ ಎನ್ನುವ ಸ್ಥಿತಿ ಬಂದರೆ ಆದ್ಯತೆ ಎಲ್ಲಿ ತಪ್ಪಿದೆ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಚೀಲ ಕಾಯುವವರು ಯಾರು?

ಯಾವುದೇ ಮೋಜಿನ ಪಾರ್ಕಿಗೆ ಹೋದರೂ ಒಂದು ದೃಶ್ಯ ಕಾಣಸಿಗುತ್ತದೆ. ದೊಡ್ಡ ದೊಡ್ಡ ಯಂತ್ರದಾಟಗಳ ಕೆಳಗೆ, ನೆರಳು ಸಿಕ್ಕಲ್ಲಿ, ಚೀಲಗಳ ರಾಶಿಯ ನಡುವೆ ಮಹಿಳೆಯರು ಕುಳಿತಿರುತ್ತಾರೆ. ಮಡಿಲಲ್ಲಿ ನಿದ್ದೆಹೋದ ಮಗು, ಕೈಯಲ್ಲಿ ಇತರರ ಮೊಬೈಲು, ಕನ್ನಡಕ, ಪಾದರಕ್ಷೆ. ಇವರು ಬೆಳಗಿನ ಜಾವವೇ ಎದ್ದು ದಾರಿಯ ರೊಟ್ಟಿ ಬಡಿದವರು, ಎಲ್ಲರ ಬಟ್ಟೆ ಜೋಡಿಸಿದವರು, ರಾತ್ರಿ ಕೋಣೆಗೆ ಮರಳಿದ ಮೇಲೆ ಒದ್ದೆ ಬಟ್ಟೆ ಹಿಂಡುವವರು. ಇವರ ಹೆಸರಿನಲ್ಲೂ ಪೂರ್ಣ ಟಿಕೆಟ್ ಕೊಂಡಿರುತ್ತಾರೆ. ಆದರೆ ಇವರ ಪಾಲಿಗೆ ಅಡುಗೆಮನೆ 500 ಕಿ.ಮೀ. ದೂರಕ್ಕೆ ಸ್ಥಳಾಂತರಗೊಂಡಿದೆ, ಅಷ್ಟೆ.

ಪ್ರವಾದಿವರ್ಯರ(ಸ) ಒಂದು ಪ್ರಯಾಣದಲ್ಲಿ ಅಂಜಶ ಎಂಬವರು ಹಾಡುತ್ತಾ ಒಂಟೆಗಳನ್ನು ವೇಗವಾಗಿ ನಡೆಸುತ್ತಿದ್ದರು. ಒಂಟೆಗಳ ಮೇಲೆ ಮಹಿಳೆಯರಿದ್ದರು. ಪ್ರವಾದಿವರ್ಯರು(ಸ) ಅವರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ ನಿಧಾನವಾಗಿ ನಡೆಸುವಂತೆ ಸೂಚಿಸಿದರು. ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ಈ ಹದೀಸ್ ಪ್ರಯಾಣದ ವೇಗದ ಬಗ್ಗೆಯೇ ಇದೆ. ಸಾಮೂಹಿಕ ನಮಾಝಿಗೆ ನೇತೃತ್ವ ನೀಡುವವನು ಹಿಂದೆ ನಿಂತ ದುರ್ಬಲರು, ರೋಗಿಗಳು, ವೃದ್ಧರನ್ನು ನೆನೆದು ನಮಾಝನ್ನು ಸಂಕ್ಷಿಪ್ತಗೊಳಿಸಬೇಕೆಂದೂ ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಅಲ್ಲಾಹನ ಮುಂದೆ ನಿಲ್ಲುವ ಹೊತ್ತನ್ನೇ ದುರ್ಬಲರಿಗಾಗಿ ಕಿರಿದಾಗಿಸಬೇಕೆಂದಾದರೆ, ಆಟದ ವೇಳಾಪಟ್ಟಿಯನ್ನು ಅವರಿಗಾಗಿ ಬದಲಿಸಬಾರದೇ?

ಪರಿಹಾರ ಸರಳ. ಚೀಲ ಕಾಯುವುದಕ್ಕೆ ಸರದಿ ಇರಲಿ. ಮೊದಲ ಸರದಿ ತಂದೆಯದಾಗಲಿ. ಸ್ವಂತ ಮನೆಕೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದ ಪ್ರವಾದಿಯ ಅನುಯಾಯಿಗಳಿಗೆ ಇದು ಅವಮಾನದ ಕೆಲಸವಲ್ಲ. ಒಂದು ದಿನ ಬೆಳಿಗ್ಗೆ ಮಕ್ಕಳನ್ನು ಗಂಡಸರು ನೋಡಿಕೊಳ್ಳಲಿ, ಮನೆಯ ಹೆಣ್ಣುಮಕ್ಕಳು ತಮಗೆ ಬೇಕಾದ ಕಡೆ ತಾವು ಹೋಗಲಿ. ಅಥವಾ ಏನನ್ನೂ ಮಾಡದೆ ಕೋಣೆಯಲ್ಲಿ ನಿದ್ದೆ ಮಾಡಲಿ. ವರ್ಷಪೂರ್ತಿ ಎಲ್ಲರಿಗಿಂತ ಮೊದಲು ಏಳುವವರಿಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಹಿರಿಯರು, ಚಿಕ್ಕವರು, ಚಾಲಕ

"ಅಮ್ಮಿಗೆ ಅಲ್ಲಿ ಏನು ಕೆಲಸ, ಮನೆಯಲ್ಲೇ ಇರಲಿ" ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಅವರೇ ಬರಲೊಲ್ಲೆ ಎಂದರೆ ಒತ್ತಾಯಿಸಬೇಕಿಲ್ಲ. ಆದರೆ ಕೇಳದೆಯೇ ಬಿಟ್ಟು ಹೋಗುವುದು ಬೇರೆ. ವೃದ್ಧ ತಂದೆತಾಯಿಗೆ ಛೆ ಎಂಬ ಮಾತನ್ನೂ ಆಡಬಾರದೆಂದು ಕಲಿಸಿದ ಗ್ರಂಥವನ್ನು (17:23) ನಂಬಿದವರು ಆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು.

ಇಲ್ಲಿಯೇ ರೆಸಾರ್ಟಿನಲ್ಲಿ ತಂಗುವ ನಿಜವಾದ ಪ್ರಯೋಜನವೂ ಇದೆ. ಪಾರ್ಕಿಗೆ ಹೊಂದಿಕೊಂಡ ಕೋಣೆಯಿದ್ದರೆ ದಾದಿ ಬೆಳಿಗ್ಗೆ ಎರಡು ಗಂಟೆ ಮೊಮ್ಮಕ್ಕಳ ಆಟ ನೋಡಿ, ಬಿಸಿಲೇರುವ ಮೊದಲು ಮರಳಿ ವಿಶ್ರಮಿಸಬಹುದು. ಕೈಗೂಸಿನ ತಾಯಿಗೂ ಅದೇ ಅನುಕೂಲ. ಕೋಣೆಯ ಬಾಡಿಗೆಯನ್ನು ಈ ಕಾರಣಕ್ಕೆ ತೆರುವುದು ಆಡಂಬರವಲ್ಲ. ಎಲ್ಲರೂ ಗಟ್ಟಿಮುಟ್ಟಾದವರಿದ್ದರೆ ಪೇಟೆಯ ಸಾಧಾರಣ ವಸತಿಗೃಹ ಸಾಕು. ಕಾಯ್ದಿರಿಸುವಾಗ ನೆಲಮಹಡಿಯ ಕೋಣೆ ಕೇಳಬೇಕು, ಗಾಲಿಕುರ್ಚಿ ಸಿಗುವುದೇ ಎಂದು ವಿಚಾರಿಸಬೇಕು. ಹೃದ್ರೋಗಿಗಳು, ಗರ್ಭಿಣಿಯರು, ಬೆನ್ನುನೋವಿನವರು ರಭಸದ ಆಟಗಳಿಗೆ ಕೂರಬಾರದೆಂಬ ಫಲಕಗಳನ್ನು ಹುಡುಗರ ಒತ್ತಾಯಕ್ಕೆ ಮಣಿದು ಕಡೆಗಣಿಸಬಾರದು. ಮಕ್ಕಳ ಜೇಬಿನಲ್ಲಿ ಹೆತ್ತವರ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ, ತಪ್ಪಿಸಿಕೊಂಡರೆ ಬಂದು ನಿಲ್ಲಬೇಕಾದ ಜಾಗ ಮೊದಲೇ ಗೊತ್ತಿರಲಿ.

ಮೂರು ದಿನವಿದ್ದರೆ ಮೂರೂ ದಿನ ಪಾರ್ಕಿನ ಟಿಕೆಟ್ ಕೊಳ್ಳಬೇಕೆಂದಿಲ್ಲ. ಒಂದು ದಿನ ಆಟ, ಒಂದು ದಿನ ವಿಶ್ರಾಂತಿ ಮತ್ತು ಊರು ನೋಡುವುದು, ಒಂದು ದಿನ ದಾರಿಗೆ ಎಂದು ಹಂಚಿಕೊಂಡರೆ ಹಣವೂ ಶಕ್ತಿಯೂ ಉಳಿಯುತ್ತವೆ. ಹೈದರಾಬಾದಿಗೆ ಹೋದವರು ಚಾರ್‌ಮಿನಾರ್, ಮಕ್ಕಾ ಮಸೀದಿ, ಗೋಲ್ಕೊಂಡ ಕೋಟೆಯನ್ನು ನೋಡಬಹುದು. ದಾರಿಯಲ್ಲಿ ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ನಿರ್ಮಾಣವಾದ ಜಾಮಿಅ ಮಸೀದಿಯಿದೆ. ಭಾರತದ ಬಹುತೇಕ ಹಳೆಯ ಮಸೀದಿಗಳಂತೆ ತೆರೆದ ಅಂಗಳವಿಲ್ಲದೆ ಪೂರ್ತಿ ಮೇಲ್ಛಾವಣಿ ಹೊಂದಿರುವುದು ಅದರ ವೈಶಿಷ್ಟ್ಯ. ಭೂಮಿಯಲ್ಲಿ ಸಂಚರಿಸಿ ನೋಡಿರೆಂಬ ಕುರ್‌ಆನಿನ ಕರೆಗೆ (29:20) ಓಗೊಟ್ಟಂತೆಯೂ ಆದೀತು.

ಮನೆಯವರ ಪಟ್ಟಿಯಲ್ಲಿ ಸೇರದ ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಅವನು ವಾಹನದ ಚಾಲಕ. ರಾತ್ರಿಯಿಡೀ ಗಾಡಿ ಓಡಿಸಿ, ಹಗಲು ಪಾರ್ಕಿಂಗಿನ ಬಿಸಿಲಿನಲ್ಲಿ ಸೀಟಿನ ಮೇಲೆ ಮಲಗಿ, ಮತ್ತೆ ರಾತ್ರಿ ಹೊರಡುವಂತೆ ಅವನನ್ನು ಒತ್ತಾಯಿಸುವುದು ಅನ್ಯಾಯ. ಎಲ್ಲರ ಪ್ರಾಣಕ್ಕೂ ಅದು ಅಪಾಯ. ಅವನ ಊಟ, ಹಾಸಿಗೆ, ನಿದ್ದೆಯ ಗಂಟೆಗಳು ನಮ್ಮ ಯೋಜನೆಯಲ್ಲಿ ಬರೆದಿರಬೇಕು. ಒಂದು ರಾತ್ರಿಯ ಬಾಡಿಗೆ ಉಳಿಸಲು ನಿದ್ದೆಗಣ್ಣಿನ ಚಾಲಕನ ಕೈಗೆ ಹನ್ನೊಂದು ಜೀವಗಳನ್ನು ಒಪ್ಪಿಸುವುದು ಮಿತವ್ಯಯವಲ್ಲ.

ನಮಾಝ್, ಉಡುಪು, ಆಹಾರ

ಪ್ರವಾಸದಲ್ಲಿ ಮೊದಲು ಬಲಿಯಾಗುವುದು ನಮಾಝ್. ಆದರೆ ಅಲ್ಲಾಹನು ಪ್ರಯಾಣಿಕನ ಹೊರೆಯನ್ನು ಮೊದಲೇ ಹಗುರಗೊಳಿಸಿದ್ದಾನೆ (4:101). ಸುಮಾರು 80 ಕಿ.ಮೀ. ಆಸುಪಾಸಿನ ಅಥವಾ ಅದಕ್ಕೂ ದೂರದ ಪ್ರಯಾಣದಲ್ಲಿ ಊರಿನ ಎಲ್ಲೆ ದಾಟಿದ ಮೇಲೆ ಝುಹರ್, ಅಸರ್, ಇಶಾದ ನಾಲ್ಕು ರಕಅತ್‌ಗಳು ಎರಡಾಗುತ್ತವೆ. ಫಜ್ರ್ ಮತ್ತು ಮಗ್ರಿಬ್ ಇದ್ದಂತೆಯೇ ಇರುತ್ತವೆ. ತಂಗುವ ಸಂಕಲ್ಪ 15 ದಿನಕ್ಕಿಂತ ಕಡಿಮೆಯಿದ್ದರೆ ಹನಫೀ ಮದ್‌ಹಬಿನಂತೆ ಈ ರಿಯಾಯಿತಿ ಮುಂದುವರಿಯುತ್ತದೆ. ಕರಾವಳಿಯ ನಮ್ಮ ಶಾಫಿಈ ಸಹೋದರರಿಗೆ ಆ ಮಿತಿ ನಾಲ್ಕು ದಿನ, ಅವರಿಗೆ ಎರಡು ನಮಾಝ್‌ಗಳನ್ನು ಜೋಡಿಸಿ ನಿರ್ವಹಿಸುವ ಅವಕಾಶವೂ ಇದೆ. ಹನಫೀಗಳು ಝುಹರನ್ನು ಅದರ ಕೊನೆಯ ಸಮಯದಲ್ಲೂ ಅಸರನ್ನು ಅದರ ಆರಂಭದಲ್ಲೂ ನಿರ್ವಹಿಸಿದರೆ ಒಂದೇ ವುಝೂವಿನಲ್ಲಿ ಎರಡೂ ಮುಗಿಯುತ್ತವೆ. ತೆಳುವಾದ ಎರಡು ಜಾನಮಾಝ್ ಚೀಲದಲ್ಲಿದ್ದರೆ ಉದ್ಯಾನದ ಶಾಂತ ಮೂಲೆಯೊಂದು ಸಾಕು. ಜನ ಓಡಾಡುವ ದಾರಿಯನ್ನು ಅಡ್ಡಗಟ್ಟದಿರುವುದು ಸೌಜನ್ಯ.

ನೀರಾಟದ ಉಡುಪಿನ ಬಗ್ಗೆ ಹೊರಡುವ ಮೊದಲೇ ವಿಚಾರಿಸಬೇಕು. ಸೀರೆ, ದುಪಟ್ಟಾ, ಸಡಿಲವಾದ ಹತ್ತಿ ಬಟ್ಟೆಯನ್ನು ಸುರಕ್ಷತೆಯ ಕಾರಣಕ್ಕಾಗಿ ನೀರಿಗೆ ಬಿಡದಿರುವುದು ಸಾಮಾನ್ಯ. ಮೈಮುಚ್ಚುವ ನೈಲಾನ್ ಈಜುಡುಪಿಗೆ ಅನುಮತಿಯಿದೆಯೇ, ಮಹಿಳೆಯರಿಗೆ ಪ್ರತ್ಯೇಕ ಕೊಳವಿದೆಯೇ ಎಂದು ಫೋನ್ ಮಾಡಿ ಕೇಳಿದರೆ ಗೇಟಿನ ಬಳಿ ಮುಜುಗರ ತಪ್ಪುತ್ತದೆ. ಲಜ್ಜೆ ಹೆಣ್ಣುಮಕ್ಕಳಿಗಷ್ಟೇ ವಿಧಿಸಿದ್ದಲ್ಲ. ಗಂಡಸರ ಉಡುಪಿಗೂ ನೋಟಕ್ಕೂ ಮಿತಿಯಿದೆ, ಕುರ್‌ಆನ್ ದೃಷ್ಟಿ ತಗ್ಗಿಸುವ ಆದೇಶವನ್ನು ಮೊದಲು ನೀಡಿದ್ದು ಪುರುಷರಿಗೆ (24:30). ಪ್ರತ್ಯೇಕ ವ್ಯವಸ್ಥೆಯಿಲ್ಲವೆಂದಾದರೆ ಹೆಣ್ಣುಮಕ್ಕಳನ್ನು ದಂಡೆಯಲ್ಲಿ ಕೂರಿಸಿ ಹುಡುಗರನ್ನು ಮಾತ್ರ ನೀರಿಗಿಳಿಸುವುದಕ್ಕಿಂತ, ಎಲ್ಲರೂ ಸೇರಿ ಆಡಬಹುದಾದ ಒಣ ಆಟಗಳ ಪಾರ್ಕನ್ನೇ ಆರಿಸಿಕೊಳ್ಳುವುದು ನ್ಯಾಯ. ಮಾಂಸಾಹಾರ ಹಲಾಲ್ ಹೌದೇ ಎಂದು ಕೇಳಲು ಸಂಕೋಚ ಬೇಡ. ಉತ್ತರ ಸಂಶಯಾಸ್ಪದವಾಗಿದ್ದರೆ ಮೂರು ದಿನ ಸಸ್ಯಾಹಾರ ಉಂಡರೆ ನಷ್ಟವೇನೂ ಇಲ್ಲ.

ಸ್ಟೇಟಸ್ ಮತ್ತು ಒಂದು ಸೀಟು

ಪ್ರವಾಸ ಮುಗಿಯುವ ಮೊದಲೇ ಅದರ ಚಿತ್ರಗಳು ಊರೆಲ್ಲ ತಲುಪಿರುತ್ತವೆ. ಪ್ರತಿ ಗಂಟೆಗೊಂದು ಸ್ಟೇಟಸ್. ಅದನ್ನು ನೋಡುವವರು ಯಾರು? ತಂದೆಯಿಲ್ಲದ ಸೋದರಳಿಯ, ಈ ವರ್ಷ ತೊಗರಿ ಕೈಕೊಟ್ಟ ಚಾಚಾನ ಮಗಳು, ಪಕ್ಕದ ಮನೆಯ ಗಾರೆ ಕೆಲಸದವನ ಮಕ್ಕಳು. ಸಾರು ಮಾಡುವಾಗ ನೀರು ಹೆಚ್ಚಿಗೆ ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿವರ್ಯರು(ಸ) ಅಬೂದರ್(ರ)ರಿಗೆ ಉಪದೇಶಿಸಿದರು. ಸಾರಿನ ಪರಿಮಳವೇ ನೆರೆಯವನ ಹಕ್ಕನ್ನು ನೆನಪಿಸುವುದಾದರೆ, ಅವನ ಮಕ್ಕಳ ಕಣ್ಣಮುಂದೆಯೇ ಹಾದುಹೋಗುವ ನಮ್ಮ ಚಿತ್ರಗಳು ಏನನ್ನು ನೆನಪಿಸಬೇಕು? ಮನೆಯ ಹೆಣ್ಣುಮಕ್ಕಳ ಚಿತ್ರಗಳು ಅವರ ಒಪ್ಪಿಗೆಯಿಲ್ಲದೆ ಯಾರ ಯಾರ ಕೈಗೋ ಸೇರುವುದು ಬೇರೆಯೇ ಒಂದು ಅಪಾಯ.

ಆದುದರಿಂದ ಓದುಗರ ಮುಂದೆ ಒಂದು ಸಲಹೆ. ನಿಮ್ಮ ವಾಹನದಲ್ಲಿ ಒಂದು ಸೀಟನ್ನು ಮೀಸಲಿಡಿ. ಬಂಧುಗಳಲ್ಲಿ ಅಥವಾ ಓಣಿಯಲ್ಲಿ, ತನ್ನ ಮನೆಯವರಿಂದ ಇಂತಹ ಪ್ರವಾಸ ಎಂದಿಗೂ ಸಾಧ್ಯವಾಗದ ಒಂದು ಮಗುವನ್ನು ಹೆತ್ತವರ ಒಪ್ಪಿಗೆ ಪಡೆದು ಜೊತೆಗೆ ಕರೆದೊಯ್ಯಿರಿ. ಆ ಮಗುವಿಗೆ ನಿಮ್ಮ ಮಕ್ಕಳಿಗೆ ಕೊಂಡಂತಹದೇ ಉಡುಪು, ಅದೇ ತಟ್ಟೆಯ ಊಟ ಇರಲಿ. ಖರ್ಚು ಹೆಚ್ಚಾಯಿತೆಂದರೆ ನಿಮ್ಮ ಪ್ರವಾಸದ ಒಂದು ರಾತ್ರಿಯನ್ನು ಕಡಿಮೆ ಮಾಡಿ. ನಿಮ್ಮ ಮಕ್ಕಳಿಗೆ ಜಾರುಬಂಡೆಯ ರಭಸ ಕೆಲವೇ ದಿನಗಳಲ್ಲಿ ಮರೆತುಹೋಗುತ್ತದೆ. ಜೊತೆಗೆ ಬಂದ ಆ ಮಗುವಿನ ಸಂತೋಷ ಮರೆಯುವುದಿಲ್ಲ.

ಇಷ್ಟೂ ಸಾಧ್ಯವಿಲ್ಲದವರು ಕೊರಗಬೇಕಾಗಿಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟು, ಅಲ್ಲಿಯ ರಾಕ್ ಗಾರ್ಡನ್, ಸಂಜೆಯ ಸಂಗೀತ ಕಾರಂಜಿ ನಮ್ಮ ಸೀಮೆಯಲ್ಲೇ ಇವೆ. ವಿಜಯಪುರದಲ್ಲಿ ಇಬ್ರಾಹೀಮ್ ರೋಜಾ ಇದೆ, ಪಿಸುಮಾತನ್ನೂ ಪ್ರತಿಧ್ವನಿಸುವ ಗೋಲ್ ಗುಂಬಜ್ ಇದೆ. ದೇಶವಿದೇಶದ ಜನ ದುಡ್ಡು ಕೊಟ್ಟು ನೋಡಲು ಬರುವ ಆ ಸುತ್ತುಗ್ಯಾಲರಿಯಲ್ಲಿ ಮಗುವಿನೊಂದಿಗೆ ಪಿಸುಗುಟ್ಟಿ ನಗುವುದು ಯಾವ ರೆಸಾರ್ಟಿನ ಆಟಕ್ಕೂ ಕಡಿಮೆಯಲ್ಲ. ಸಂಜೆಯೊಳಗೆ ಮರಳಿ ಬರಬಹುದು.

ಪ್ರಯಾಣವು ನಿದ್ದೆ, ಆಹಾರ, ನೀರಿಗೆ ತಡೆಯೊಡ್ಡುವ ಒಂದು ಕಷ್ಟವೆಂದೂ, ಉದ್ದೇಶ ಪೂರೈಸಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರಯಾಣದಿಂದ ಹಿಂತಿರುಗಿದಾಗ ಅವರು ಮೊದಲು ಮಸೀದಿಗೆ ಹೋಗಿ ಎರಡು ರಕಅತ್ ನಮಾಝ್ ನಿರ್ವಹಿಸುತ್ತಿದ್ದರು. ಪ್ರವಾಸದಿಂದ ಮರಳಿದ ನಾವೂ ಆ ಎರಡು ರಕಅತ್‌ಗಳ ಬಳಿಕ ಮನೆಯವರನ್ನೆಲ್ಲ ಕೂರಿಸಿ ಕೇಳೋಣ: ದಾದಿಗೆ ಆಯಾಸವಾಯಿತೇ? ತಾಯಿಗೆ ವಿಶ್ರಾಂತಿ ಸಿಕ್ಕಿತೇ? ಚಾಲಕನಿಗೆ ಪೂರ್ತಿ ಹಣ ಸಂದಿತೇ? ಯಾರಿಗಾದರೂ ಸಾಲ ಉಳಿಯಿತೇ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ದೊರೆತರೆ ಪ್ರವಾಸ ಸಾರ್ಥಕ. ಅಲ್ಲಾಹನು ನಮ್ಮ ಪ್ರಯಾಣಗಳನ್ನು ಸುರಕ್ಷಿತವಾಗಿಯೂ, ನಮ್ಮ ಸಂತೋಷಗಳನ್ನು ಹಂಚಿಕೊಂಡು ಅನುಭವಿಸುವಂತಹವುಗಳಾಗಿಯೂ ಮಾಡಲಿ. ಆಮೀನ್.